ಆ ಗೆಸ್ಟ್ ಬಂದರೆ ಹುಡುಗಿಯರನ್ನು ರೂಮಿಗೆ ಕಳಿಸಬೇಡಿ

ಮೈಸೂರಿನಲ್ಲಿ ಈವೆಂಟ್ ಕೆಲಸ ಮಾಡುವವರಿಗೆ ದಸರಾ ಹತ್ತಿರ ಬಂತೆಂದರೆ ಸರಿಯಾಗಿ ಊಟ ನಿದ್ದೆ ಇರುವುದಿಲ್ಲ. ಕಾಲೇಜು ಫೆಸ್ಟ್, ಪ್ರಶಸ್ತಿ ಸಮಾರಂಭ, ಅಂಗಡಿ ಉದ್ಘಾಟನೆ, ರಿಸೆಪ್ಷನ್, ಮಂಡ್ಯದ ಕಡೆ ಊರಹಬ್ಬದ ಆರ್ಕೆಸ್ಟ್ರಾ, ಎಲ್ಲಕ್ಕೂ ಹೆಸರಿರುವವರು ಒಬ್ಬರು ಬೇಕು. ಆ ಹೆಸರಿನವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನಿಂದ ಕರೆತರುವ ಕಾರು, ಹೋಟೆಲ್ ರೂಮು, ಊಟ, ಮೈಸೂರು ಪೇಟ, ಹಾರ, ಸ್ಟೇಜಿಗೆ ಹೋಗುವ ದಾರಿ, ಸೆಲ್ಫಿಗೆ ಮುಗಿಬೀಳುವವರನ್ನು ತಡೆಯುವುದು, ಎಲ್ಲವೂ ನಮ್ಮ ತಲೆ ಮೇಲೆ. ಓಡಾಟದ ಕೆಲಸ ಮಾಡುವವರೆಲ್ಲ ವಾಲಂಟಿಯರ್ ಹುಡುಗ ಹುಡುಗಿಯರು. ಡಿಗ್ರಿ ಓದುವವರು ಜಾಸ್ತಿ, ಪಿಯುಸಿ ಮಕ್ಕಳೂ ಬರುತ್ತಾರೆ. ಅವರಿಗೆ ಸಿಗುವುದು ಒಂದು ಟೀ ಶರ್ಟ್, ಊಟ, ಸರ್ಟಿಫಿಕೇಟ್, ಕೈಖರ್ಚಿಗೆ ಸ್ವಲ್ಪ ದುಡ್ಡು.

ಈ ಕೆಲಸಕ್ಕೆ ಸೇರುವ ಹೊಸಬರಿಗೆ ಕೆಲವು ವಿಷಯಗಳನ್ನು ಬಾಯಲ್ಲೇ ಹೇಳಿಕೊಡುತ್ತಾರೆ. ಯಾರಿಗೆ ಸಕ್ಕರೆ ಇಲ್ಲದ ಕಾಫಿ ಕೊಡಬೇಕು, ಯಾರನ್ನು ಯಾರ ಪಕ್ಕ ಕೂರಿಸಬಾರದು, ಈ ಥರದ್ದು. ಅದರ ನಡುವೆಯೇ ಇನ್ನೊಂದು ಮಾತೂ ಬರುತ್ತದೆ. ತುಂಬಾ ಹೆಸರು ಮಾಡಿದ್ದ ಒಬ್ಬ ಗೆಸ್ಟ್ ಬಗ್ಗೆ ನಮ್ಮ ಸೀನಿಯರ್ ನನಗೆ ಹೇಳಿದ್ದರು: "ಅವ್ರು ಬಂದಾಗ ಹುಡುಗೀರನ್ನ ರೂಮ್ ಹತ್ರ ಕಳಿಸ್ಬೇಡ ಕಣಮ್ಮ. ಹುಡುಗ್ರನ್ನೇ ಕಳಿಸು." ಯಾಕೆ ಸರ್ ಅಂದೆ. "ಎಲ್ರಿಗೂ ಗೊತ್ತಿರೋದೇ ಅಲ್ವಾ" ಅಂದರು.

ಆ ಸೀನಿಯರ್ ಒಳ್ಳೆಯ ಮನುಷ್ಯ. ಅವರ ಆ ಒಂದು ಮಾತಿನಿಂದ ಎಷ್ಟೋ ಹುಡುಗಿಯರು ಪಾರಾಗಿರಬಹುದು. ಆದರೆ ಮಾರನೇ ವರ್ಷವೂ ಅದೇ ಗೆಸ್ಟ್ ಬಂದರು. ಅದೇ ಹೋಟೆಲ್, ಅದೇ ಪೇಟ, ಸ್ಟೇಜ್ ಮೇಲೆ ಅದೇ ಹೊಗಳಿಕೆ. ಎಲ್ಲರಿಗೂ ಗೊತ್ತಿದ್ದ ವಿಷಯ ಅವರನ್ನು ಕರೆಸಬೇಕೋ ಬೇಡವೋ ಎಂದು ತೀರ್ಮಾನ ಮಾಡುವ ಟೇಬಲ್ಲಿಗೆ ಮಾತ್ರ ಒಮ್ಮೆಯೂ ಬರಲಿಲ್ಲ.

ಬ್ರಿಟನ್ನಿನ ಜಿಮ್ಮಿ ಸ್ಯಾವಿಲ್ ಕೇಸನ್ನು ಓದುವಾಗ ನನಗೆ ನಮ್ಮ ಆಫೀಸೇ ಕಣ್ಣ ಮುಂದೆ ಬಂತು. ಆತ ಬಿಬಿಸಿಯ ದೊಡ್ಡ ನಿರೂಪಕ. ಮಕ್ಕಳ ಆಸೆ ಈಡೇರಿಸುವ ಟಿವಿ ಕಾರ್ಯಕ್ರಮ ನಡೆಸುತ್ತಿದ್ದ. ಆಸ್ಪತ್ರೆಗಳಿಗೆ ಕೋಟಿಗಟ್ಟಲೆ ದೇಣಿಗೆ ಎತ್ತಿಕೊಟ್ಟ. 1990ರಲ್ಲಿ ಸರ್ ಪದವಿ ಸಿಕ್ಕಿತು. 2011ರ ಅಕ್ಟೋಬರಿನಲ್ಲಿ, 84ನೇ ವಯಸ್ಸಿನಲ್ಲಿ ಸತ್ತಾಗ ಊರಿಗೆ ಊರೇ ಗೌರವ ಸಲ್ಲಿಸಿತು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಐಟಿವಿ ಎಂಬ ಚಾನೆಲ್‌ನ ಒಂದು ಸಾಕ್ಷ್ಯಚಿತ್ರದಲ್ಲಿ, ಚಿಕ್ಕವರಿದ್ದಾಗ ಆತ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ ಎಂದು ಹೆಂಗಸರು ಬಾಯಿಬಿಟ್ಟರು. ಪೊಲೀಸರು ಮತ್ತು ಒಂದು ಮಕ್ಕಳ ರಕ್ಷಣಾ ಸಂಸ್ಥೆ ಸೇರಿ 2013ರ ಜನವರಿಯಲ್ಲಿ ವರದಿ ಕೊಡುವಷ್ಟರಲ್ಲಿ ಸುಮಾರು 450 ಜನ ಮುಂದೆ ಬಂದಿದ್ದರು. 214 ಅಪರಾಧಗಳು ದಾಖಲಾಗಿದ್ದವು. ಹೆಚ್ಚಿನವರು ಆಗ 18 ತುಂಬದ ಮಕ್ಕಳು.

ಆತ ಕದ್ದುಮುಚ್ಚಿ ಬದುಕಿದವನೇ ಅಲ್ಲ. 1974ರ ತನ್ನ ಆತ್ಮಕಥೆಯಲ್ಲಿ, ಮನೆ ಬಿಟ್ಟು ಓಡಿಬಂದ ಹುಡುಗಿಯನ್ನು ಪೊಲೀಸರಿಗೆ ಒಪ್ಪಿಸುವ ಮೊದಲು ಒಂದು ರಾತ್ರಿ ತನ್ನ ಬಳಿ ಇಟ್ಟುಕೊಂಡ ಕಥೆಯನ್ನು ತಾನೇ ಬರೆದುಕೊಂಡಿದ್ದ. ಪುಸ್ತಕ ಮಾರಾಟವಾಯಿತು, ಜನ ಓದಿದರು, ಯಾರೂ ಪ್ರಶ್ನೆ ಮಾಡಲಿಲ್ಲ. ಲೀಡ್ಸ್ ಮತ್ತು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗಳಲ್ಲಿ ರೋಗಿಗಳನ್ನು ತಳ್ಳಿಕೊಂಡು ಹೋಗುವ ಸ್ವಯಂಸೇವಕ ಪೋರ್ಟರ್ ಆಗಿ ಎಲ್ಲಿ ಬೇಕಾದರೂ ಓಡಾಡುತ್ತಿದ್ದ. ಬ್ರಾಡ್‌ಮೂರ್ ಎಂಬ ಬಿಗಿ ಭದ್ರತೆಯ ಮಾನಸಿಕ ಆಸ್ಪತ್ರೆಯ ಕೀಲಿಗಳೇ ಅವನ ಕೈಯಲ್ಲಿದ್ದವು. 2009ರಲ್ಲಿ ಸರ್ರೆ ಪೊಲೀಸರು ಅವನನ್ನು ವಿಚಾರಣೆ ಮಾಡಿದ್ದು ಎಲ್ಲಿ ಗೊತ್ತಾ? ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿದ್ದ ಅವನದೇ ಆಫೀಸಿನಲ್ಲಿ.

ನನ್ನ ಮನಸ್ಸಿನಿಂದ ಹೋಗದೇ ಇರುವುದು ನರ್ಸ್‌ಗಳ ವಿಷಯ. ಚಿಕ್ಕವಳಿದ್ದಾಗ ಆಸ್ಪತ್ರೆಯಲ್ಲಿ ಮಲಗಿದ್ದ ಮಹಿಳೆಯೊಬ್ಬರು ಮುಂದೆ ನೆನಪು ಮಾಡಿಕೊಂಡರು. ಸ್ಯಾವಿಲ್ ವಾರ್ಡಿಗೆ ಬಂದಾಗ, ನಿದ್ದೆ ಬಂದ ಹಾಗೆ ನಟಿಸಿ ಎಂದು ನರ್ಸ್‌ಗಳು ಮಕ್ಕಳಿಗೆ ಹೇಳುತ್ತಿದ್ದರಂತೆ. ನಮ್ಮ ಸೀನಿಯರ್ ಹೇಳಿದ ಮಾತೂ ಇದೇ. ಅವನನ್ನು ವಾರ್ಡಿನಿಂದ ಹೊರಗೆ ಇಡುವ ಅಧಿಕಾರ ಆ ನರ್ಸ್‌ಗಳಿಗೆ ಇರಲಿಲ್ಲ. ಅದಕ್ಕೇ ಮಕ್ಕಳ ಕಣ್ಣು ಮುಚ್ಚಿಸಿದರು. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರ ಮಾತು ಮೇಲೆ ಹೋಗಲು ದಾರಿಯೇ ಇಡದವರ ಮೇಲೆ ಬರುತ್ತದೆ. ಸ್ಟೋಕ್ ಮ್ಯಾಂಡೆವಿಲ್ ಬಗ್ಗೆ 2015ರಲ್ಲಿ ಬಂದ ವರದಿ ಆ ಒಂದು ಆಸ್ಪತ್ರೆಯಲ್ಲೇ 60 ಜನ ಅವನ ದೌರ್ಜನ್ಯಕ್ಕೆ ಗುರಿಯಾದರು ಎನ್ನುತ್ತದೆ. ಆ ಕಾಲದಲ್ಲೇ ಕೆಲವರು ಸಿಬ್ಬಂದಿಗೆ ಬಾಯಿಮಾತಲ್ಲಿ ದೂರು ಹೇಳಿದ್ದರು. ಆ ಮಾತುಗಳು ಹೇಳಿದ ಜಾಗದಲ್ಲೇ ಉಳಿದುಹೋದವು.

ಬಿಬಿಸಿಯ ಒಳಗಿನ ಕಥೆಯನ್ನು ನಿವೃತ್ತ ನ್ಯಾಯಾಧೀಶೆ ಜಾನೆಟ್ ಸ್ಮಿತ್ 2016ರ ವರದಿಯಲ್ಲಿ ಬಿಡಿಸಿಟ್ಟರು. ಸ್ಯಾವಿಲ್ ಮೈಮೇಲೆ ಕೈ ಹಾಕಿದ ಎಂದು ಕೆಳಗಿನ ಹಂತದ ಒಬ್ಬ ಉದ್ಯೋಗಿ ತನ್ನ ಮೇಲ್ವಿಚಾರಕರಿಗೆ ಹೇಳಿದಳು. ಬಾಯಿ ಮುಚ್ಚಿಕೊಂಡಿರು, ಆತ ವಿಐಪಿ ಎಂಬ ಉತ್ತರ ಬಂತು. ವಿಐಪಿ ಎಂಬ ಪಾಸನ್ನು ದಿನಾ ಕೈಯಾರೆ ಪ್ರಿಂಟ್ ಮಾಡಿಸುವ ನನಗೆ ಆ ಸಾಲು ಎದೆಗೆ ನಾಟಿತು.

ಸ್ಯಾವಿಲ್ ಬಗ್ಗೆ ದೂರು ಬಂದಿದ್ದು ಬೇರೆ ಬೇರೆ ಊರಿನ ಪೊಲೀಸರಿಗೆ. ಒಂದು ಕಡೆಯ ಮಾಹಿತಿ ಇನ್ನೊಂದು ಕಡೆಗೆ ಸರಿಯಾಗಿ ಸೇರಲಿಲ್ಲ. ಪ್ರತಿಯೊಬ್ಬ ಹೆಂಗಸೂ ತಾನೊಬ್ಬಳೇ ಎಂದುಕೊಂಡಳು. ನಮ್ಮ ಈವೆಂಟ್ ಕೆಲಸದಲ್ಲಿ ಇದು ಇನ್ನೂ ಸುಲಭ. ವಾಲಂಟಿಯರ್ ತಂಡ ಪ್ರತಿ ವರ್ಷ ಹೊಸದು. ಮೇಕಪ್‌ನವರು ಬೇರೆ, ಸೌಂಡ್‌ನವರು ಬೇರೆ, ಕೇಟರಿಂಗ್ ಬೇರೆ, ಹೋಟೆಲ್ ಬೇರೆ. ಪಿಸುಮಾತು ಯಾರ ಕಿವಿಗೆ ಬೀಳಲಿಲ್ಲವೋ ಅವರು ಸಿಕ್ಕಿಬೀಳುತ್ತಾರೆ.

ಹಾಗೇ ಆಯಿತು. ಆ ಗೆಸ್ಟ್ ಮತ್ತೆ ಬಂದಿದ್ದ ಒಂದು ಕಾರ್ಯಕ್ರಮದಲ್ಲಿ ನಮ್ಮ ಹುಡುಗಿಯರಿಗೆಲ್ಲ ವಿಷಯ ಗೊತ್ತಿತ್ತು. ಮೇಕಪ್‌ನವರ ಜೊತೆ ಸಹಾಯಕ್ಕೆ ಬಂದಿದ್ದ ಹುಡುಗಿಗೆ ಗೊತ್ತಿರಲಿಲ್ಲ. ಅವಳು ಬಟ್ಟೆ ಕೊಡಲು ರೂಮಿಗೆ ಹೋದಳು. ಹೆಚ್ಚಿನದು ಬರೆಯುವುದಿಲ್ಲ, ಅದನ್ನು ಹೇಳುವ ಹಕ್ಕು ಅವಳದ್ದು. ಕೆಳಗೆ ಬಂದವಳು "ಅಕ್ಕ, ನನ್ನ ಮನೆಗೆ ಕಳಿಸಿಬಿಡಿ" ಅಂದಳು. ನಾನು ಜೊತೆಗೆ ಕೂತೆ, ಅವಳು ಒಪ್ಪಿದ ಮೇಲೆ ಅವಳ ಮಾತಿನಲ್ಲೇ ಎಲ್ಲ ಬರೆದುಕೊಂಡೆ, ಅವಳ ಅಕ್ಕ ಬಂದು ಕರೆದುಕೊಂಡು ಹೋದರು. ದೂರು ಕೊಡುವುದು ಆಗ ಅವಳಿಗೆ ಬೇಡವಾಗಿತ್ತು. ಆ ಹಾಳೆಯನ್ನು ಆಗಿನ ನನ್ನ ಮಾಲೀಕರ ಮುಂದೆ ಇಟ್ಟೆ. ಮುಂದಿನ ಸಲ ಇವರನ್ನು ಕರೆಸಬಾರದು ಎಂದೆ. "ಅವ್ರ ಹೆಸರಿಗೇ ಸ್ಪಾನ್ಸರ್ ಬರೋದು. ಸುಮ್ನಿರಮ್ಮ" ಅಂದರು. ಸ್ವಲ್ಪ ದಿನಕ್ಕೆ ಆ ಕೆಲಸ ಬಿಟ್ಟೆ.

ಈಗಿರುವ ಸಂಸ್ಥೆ ಚಿಕ್ಕದು. ಇಲ್ಲಿ ನಾವು ಮೊದಲು ಕಾನೂನು ಓದಿದೆವು. ಓದಿದ ಮೇಲೆ ಗೊತ್ತಾಯಿತು, ನಮ್ಮಂಥವರಿಗೆ ಎಷ್ಟೊಂದು ದಾರಿ ಇದೆ ಎಂದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳದವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ಬಂದವರೂ ಟ್ರೈನಿಗಳೂ ಅದರಲ್ಲಿ ಸೇರುತ್ತಾರೆ. ಕೆಲಸದ ಮೇಲೆ ಹೋದ ಹೋಟೆಲ್, ಸಂಸ್ಥೆ ಕೊಟ್ಟ ಕಾರು, ಎಲ್ಲವೂ ಕೆಲಸದ ಜಾಗವೇ. ಹೊರಗಿನಿಂದ ಬರುವವರಿಂದಲೂ ಸಿಬ್ಬಂದಿಗೆ ರಕ್ಷಣೆ ಕೊಡುವುದು ಮಾಲೀಕರ ಹೊಣೆ. ಅಂದರೆ ಅವರು ನಮ್ಮ ಸ್ಟಾಫ್ ಅಲ್ಲ, ಗೆಸ್ಟ್ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. 10 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಸಮಯ ಕೊಡಬಹುದು.

ಪಿಯುಸಿ ಮಕ್ಕಳ ವಿಷಯ ಇನ್ನೂ ಗಟ್ಟಿ. 18 ತುಂಬದವರಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದು ಎಂಬ ಆತಂಕ ಇರುವವರು ಕೂಡ ಪೊಲೀಸರಿಗೆ ತಿಳಿಸಬೇಕು. ನಡೆದದ್ದು ಗೊತ್ತಿದ್ದೂ ತಿಳಿಸದಿದ್ದರೆ ಅದೇ ಶಿಕ್ಷೆಗೆ ಗುರಿಯಾಗುವ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೂ ಹೋಗಬಹುದು. ಮಕ್ಕಳ ಸಹಾಯವಾಣಿ 1098ನ್ನು ನಾವು ವಾಲಂಟಿಯರ್ ಐಡಿ ಕಾರ್ಡಿನ ಹಿಂದೆಯೇ ಪ್ರಿಂಟ್ ಮಾಡಿಸಿದ್ದೇವೆ.

ಆಮೇಲೆ ಕೆಲಸದ ರೀತಿ ಬದಲಿಸಿದೆವು. ಯಾವ ಗೆಸ್ಟ್ ಆದರೂ ಸರಿ, ವಾಲಂಟಿಯರ್‌ಗಳು ರೂಮಿಗೆ ಹೋಗುವುದಿಲ್ಲ. ಹುಡುಗರೂ ಅಷ್ಟೇ, ಯಾಕೆಂದರೆ ಹುಡುಗರಿಗೂ ಹೀಗಾಗುತ್ತದೆ. ಹಾರ, ಶಾಲು, ಸ್ಕ್ರಿಪ್ಟ್, ಎಲ್ಲ ಲಾಬಿಯಲ್ಲೇ. ರೂಮಿಗೆ ಏನಾದರೂ ತಲುಪಿಸಬೇಕಿದ್ದರೆ ಹೋಟೆಲ್ ಸಿಬ್ಬಂದಿ ಇಬ್ಬರು ಹೋಗುತ್ತಾರೆ. ಕಾರಿನಲ್ಲಿ ಗೆಸ್ಟ್ ಜೊತೆ ಯಾರೂ ಒಬ್ಬರೇ ಇರುವುದಿಲ್ಲ. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರ ಬಗ್ಗೆಯೂ ಪಿಸುಗುಡುವ ಅಗತ್ಯ ಇಲ್ಲ. ಮೇಕಪ್, ಕೇಟರಿಂಗ್ ತಂಡಗಳಿಗೂ ನಮ್ಮ ಹುಡುಗರ ಜೊತೆಗೇ ಕೂರಿಸಿ ಹೇಳುತ್ತೇವೆ. ಕಾರ್ಯಕ್ರಮದ ದಿನ ಒಬ್ಬ ಮಹಿಳಾ ಕೋಆರ್ಡಿನೇಟರ್‌ಗೆ ಗೆಸ್ಟನ್ನು ವಾಪಸ್ ಕಳಿಸುವ ಅಧಿಕಾರ ಇರುತ್ತದೆ. ಮಾಲೀಕರ ಸಹಿ ಇರುವ ಪತ್ರ ಅವರ ಕೈಯಲ್ಲೇ ಇರುತ್ತದೆ. ಇನ್ನೊಂದು, ದೂರುಗಳ ರಿಜಿಸ್ಟರ್. ಹೇಳಿದವರ ಒಪ್ಪಿಗೆ ಪಡೆದು ದಿನಾಂಕ, ಜಾಗ, ಹೇಳಿದ ಮಾತು ಬರೆದು ಬೀಗದಲ್ಲಿ ಇಡುತ್ತೇವೆ. ಯಾರನ್ನು ಕರೆಸಬೇಕು ಎಂಬ ಮೀಟಿಂಗಿಗೆ ಆ ರಿಜಿಸ್ಟರ್ ನೋಡಿದವರೇ ಕೂರಬೇಕು. ಸ್ಟಾಫ್ ಕೆಲಸ ಬಿಟ್ಟು ಹೋದರೂ ಅದು ಉಳಿಯುತ್ತದೆ.

ಸುಳ್ಳು ದೂರು ಬಂದರೆ ಏನು ಮಾಡ್ತೀರಿ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ರಿಜಿಸ್ಟರ್‌ನಲ್ಲಿರುವುದು ತೀರ್ಪು ಅಲ್ಲ. ವಿಚಾರಣೆ ಮಾಡುವುದು ಸಮಿತಿ ಮತ್ತು ಪೊಲೀಸರು, ಎರಡೂ ಕಡೆಯವರ ಮಾತು ಅಲ್ಲಿ ಕೇಳುತ್ತಾರೆ. ಎಲ್ಲರಿಗೂ ಗೊತ್ತು ಎಂಬ ಗಾಳಿಮಾತೇ ನಿರಪರಾಧಿಗೆ ಜಾಸ್ತಿ ಅಪಾಯ. ಅದಕ್ಕೆ ಉತ್ತರ ಕೊಡುವ ಅವಕಾಶವೇ ಅವರಿಗೆ ಇರುವುದಿಲ್ಲ.

ಇದು ಬ್ರಿಟನ್ನಿನ ಕಥೆ, ನಮ್ಮ ಕಡೆ ಹಾಗಿಲ್ಲ ಎನ್ನುವವರು ಹೇಮಾ ಸಮಿತಿಯ ವರದಿ ನೋಡಬಹುದು. ಮಲಯಾಳಂ ಚಿತ್ರರಂಗದ ಬಗ್ಗೆ ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ಸಮಿತಿ ಅದು. ವರದಿ 2019ರ ಕೊನೆಗೆ ಸಿದ್ಧವಾಗಿತ್ತು, ಜನರ ಕೈಗೆ ಬಂದಿದ್ದು 2024ರ ಆಗಸ್ಟಿನಲ್ಲಿ. ರಾತ್ರಿ ಹೋಟೆಲ್ ರೂಮಿನ ಬಾಗಿಲು ಬಡಿಯುತ್ತಾರೆ ಎಂಬ ಭಯಕ್ಕೆ ನಟಿಯರು ಅಪ್ಪ ಅಮ್ಮನನ್ನೋ ಹತ್ತಿರದವರನ್ನೋ ಜೊತೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಅದರಲ್ಲಿದೆ. ಅಲ್ಲೂ ಏರ್ಪಾಡು ಮಾಡಿಕೊಂಡವರು ಹೆಂಗಸರೇ. ಬಾಗಿಲು ಬಡಿಯುವವರು ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿದ್ದರು.

ಈ ನಿಯಮಗಳನ್ನು ನಾವು ಗೆಸ್ಟ್ ಜೊತೆಗಿನ ಒಪ್ಪಂದದಲ್ಲೇ ಸೇರಿಸಿದ್ದೇವೆ, ಒಂದು ಪುಟ. ಹೆಚ್ಚಿನ ಮ್ಯಾನೇಜರ್‌ಗಳು ಓದಿ ಸಹಿ ಹಾಕುತ್ತಾರೆ, ಕೆಲವು ಕಲಾವಿದರು ಫೋನ್ ಮಾಡಿ ಒಳ್ಳೆಯದಾಯಿತು ಅಂದಿದ್ದಾರೆ. ಒಬ್ಬರು ಮ್ಯಾನೇಜರ್ "ನಮ್ಮ ಸರ್‌ಗೆ ಇದು ಅವಮಾನ" ಎಂದು ಸಹಿ ಹಾಕಲಿಲ್ಲ. ಮಂಡ್ಯದ ಆ ಕಾರ್ಯಕ್ರಮ ಬೇರೆಯವರ ಕೈಗೆ ಹೋಯಿತು. ನಮ್ಮ ಮಾಲೀಕರು ಪುಟ ತೆಗೆಯಲಿಲ್ಲ. ಮೈಸೂರಿನಲ್ಲಿ ಇದೇ ಕೆಲಸ ಮಾಡುವ ಬೇರೆಯವರೂ ಈಗ ಆ ಪುಟ ಕೇಳುತ್ತಿದ್ದಾರೆ. ನಿಮಗೂ ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ನಿಮ್ಮ ಸಂಸ್ಥೆಯ ಹೆಸರು ಹಾಕಿಕೊಂಡು ಬಳಸಿ.