ಬಳ್ಳಾರಿಯಿಂದ ರಾಯಚೂರಿಗೆ 210 ಟ್ರೇ ಸಸಿ: ದಾರಿ ಲೆಕ್ಕ ನಾನು ಕಲಿತ ಬಗೆ

"ಒಂಬತ್ತಕ್ಕೆಲ್ಲ ಗಾಡಿ ನಿಮ್ಮ ಹೊಲದಾಗ ಇರ್ತೈತ್ರಿ. ಆಳು ಕರ್ಸಿ ಇಡ್ರಿ."

ರಾಯಚೂರು ಕಡೆಯ ಒಬ್ಬ ರೈತರಿಗೆ ಫೋನಿನಲ್ಲಿ ಹೀಗೆ ಹೇಳಿದವನು ನಾನು. ಅವರು ನನ್ನ ಮಾತು ನಂಬಿ ಹನ್ನೆರಡು ಮಂದಿ ಹೆಣ್ಣಾಳುಗಳನ್ನು ಕರೆಸಿದ್ದರು. ಗಾಡಿ ಹೊಲ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ.

ನಾನು ಬಳ್ಳಾರಿ ಹತ್ತಿರದ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಮೆಣಸಿನಕಾಯಿ ಸಸಿ ಬೆಳೆಸುವವರು ಬೇರೆ. ಬೆಳೆದ ಸಸಿಯನ್ನು ರೈತರ ಹೊಲಕ್ಕೆ ಮುಟ್ಟಿಸುವ ಜವಾಬ್ದಾರಿ ನನ್ನದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮಗೆ ಹಗಲು ರಾತ್ರಿ ಒಂದೇ. ಒಂದು ಟ್ರೇಗೆ 98 ಗುಣಿ, ಗುಣಿಗೊಂದು ಸಸಿ. ತೆಂಗಿನ ನಾರಿನ ಪುಡಿಯಲ್ಲಿ ಬೇರು ಬಿಟ್ಟು, 40 ದಿನದ ಹೊತ್ತಿಗೆ ನಾಟಿಗೆ ತಯಾರಾಗಿ ನಿಲ್ಲುತ್ತದೆ. ಅಷ್ಟು ದಿನ ನೆರಳು ಬಲೆಯ ಕೆಳಗೆ ಕೂಸಿನ ಹಾಗೆ ಬೆಳೆದದ್ದು, ಒಂದೇ ಮುಂಜಾನೆಯಲ್ಲಿ ಗಾಳಿ ಬಿಸಿಲಿಗೆ ಬೀಳುತ್ತದೆ. ಆ ಮುಂಜಾನೆ ಹೇಗೆ ಕಳೆಯುತ್ತದೆ ಅನ್ನುವುದರ ಮೇಲೆ ರೈತರ ಒಂದು ಬೆಳೆ ನಿಂತಿರುತ್ತದೆ. ಇದು ಆಗಲೂ ನನಗೆ ಗೊತ್ತಿತ್ತು. ದಾರಿ ಲೆಕ್ಕ ಮಾತ್ರ ಗೊತ್ತಿರಲಿಲ್ಲ.

ಎರಡು ಎಕರೆಗೆ 210 ಟ್ರೇ. ಅಂದರೆ 20 ಸಾವಿರದ ಮೇಲೆ ಸಸಿ. ಪಿಕಪ್ ಗಾಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಸಾಲಾಗಿ ಜೋಡಿಸಿದ್ದೆವು. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಾನ್ವಿ ಮೇಲೆ ರಾಯಚೂರು ಅಂದರೆ 170 ಕಿಲೋಮೀಟರ್ ಮೇಲಾಗುತ್ತದೆ. ಆಲೂರು, ಆದೋನಿ ಮೇಲೆ ಹೋದರೆ ದೂರ ಕಡಿಮೆ. ಆದರೆ ಅದು ಆಂಧ್ರದ ದಾರಿ, ನಮ್ಮ ಗಾಡಿಗೆ ಇದ್ದದ್ದು ಕರ್ನಾಟಕದ ಪರ್ಮಿಟ್ ಮಾತ್ರ. ಹಾಗಾಗಿ ಸಿಂಧನೂರಿನ ದಾರಿಯೇ ಗಟ್ಟಿ. ಮೊಬೈಲಿನಲ್ಲಿ ನೋಡಿದೆ, ಮೂರೂವರೆ ತಾಸು ಅಂತ ತೋರಿಸಿತು. ಐದಕ್ಕೆ ಬಿಟ್ಟರೆ ಎಂಟೂವರೆ, ಅರ್ಧ ತಾಸು ಹೆಚ್ಚುಕಮ್ಮಿ ಹಿಡಿದರೂ ಒಂಬತ್ತು. ನನ್ನ ಪ್ಲ್ಯಾನ್ ಅಂದರೆ ಇಷ್ಟೇ.

ಹಿಂದಿನ ರಾತ್ರಿಯೇ ಎಲ್ಲಿ ಎಷ್ಟು ಹೊತ್ತು ಹೋಗುತ್ತದೆ ಅಂತ ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ನಾಲ್ಕಕ್ಕೆ ಲೋಡಿಂಗ್ ಶುರು ಮಾಡಿ ಗೇಟು ದಾಟಿದಾಗಲೇ ಐದು ನಲವತ್ತು. ತೆಕ್ಕಲಕೋಟೆ ದಾಟುವ ಹೊತ್ತಿಗೆ ಬೆಳಕಾಗಿತ್ತು. ಭತ್ತದ ಗದ್ದೆಗೆ ಹೊರಟ ಟ್ರ್ಯಾಕ್ಟರ್‌ಗಳು ರೋಡಿಗೆ ಇಳಿದಿದ್ದವು. ಕೆಸರು ತುಳಿಯುವ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ಅವು ಡಾಂಬರಿನ ಮೇಲೆ ಬಂದರೆ ನಡೆಯುವವರಿಗಿಂತ ಸ್ವಲ್ಪ ಜೋರು ಅಷ್ಟೆ. ಎದುರಿಗೆ ಬಸ್ಸು ಬರುತ್ತಿದ್ದರೆ ಹಿಂದೆಯೇ ತೆವಳಬೇಕು. ಸಿರುಗುಪ್ಪದಲ್ಲಿ ಏಳು ಗಂಟೆ, ಚಹಾ ಕುಡಿದೆವು. ದಢೇಸೂಗೂರಿನ ಹತ್ತಿರ ತುಂಗಭದ್ರೆ ದಾಟಿ ಸಿಂಧನೂರು ಸೇರಿದಾಗ ಎಂಟೂವರೆ. ಶಾಲೆ ಬಸ್ಸು, ಆಟೋ, ಕೆಲಸಕ್ಕೆ ಹೊರಟ ಜನ, ಅಕ್ಕಿ ಲಾರಿ ಎಲ್ಲವೂ ಒಂದೇ ಹೊತ್ತಿಗೆ. ಸಿಂಧನೂರು ದಾಟಲು ನಲವತ್ತು ನಿಮಿಷ ಹೋಯಿತು. ನಿಂತ ಗಾಡಿಯಲ್ಲಿ ಸಸಿಗೆ ಗಾಳಿಯಾಡುವುದಿಲ್ಲ, ಬಿಸಿಲು ಮಾತ್ರ ಏರುತ್ತಲೇ ಇರುತ್ತದೆ.

ಪೋತ್ನಾಳದ ಹತ್ತಿರ ಇಳಿದು ಬಲೆ ಸರಿಸಿ ನೋಡಿದೆ. ಎಡಗಡೆ ಟ್ರೇಗಳು ಚೆನ್ನಾಗಿದ್ದವು. ಬಲಗಡೆಯ ಹೊರಸಾಲಿನಲ್ಲಿ ಎಲೆ ಜೋತುಬಿದ್ದು, ತುದಿ ಸುರುಳಿ ಸುತ್ತಿತ್ತು. ಒಂದು ಎಲೆ ಬೆರಳಲ್ಲಿ ಹಿಡಿದೆ, ಒದ್ದೆ ಬಟ್ಟೆಯ ಹಾಗೆ ಮೆತ್ತಗಿತ್ತು, ಬೆಚ್ಚಗೂ ಇತ್ತು. ಒಂದೇ ಗಾಡಿ, ಒಂದೇ ನೀರು, ಮತ್ತೆ ಬಲಗಡೆಗೆ ಮಾತ್ರ ಯಾಕೆ? ಆಗ ಹೊಳೆಯಿತು. ಬಳ್ಳಾರಿಯಿಂದ ನಾವು ಹೋಗುವುದು ಉತ್ತರಕ್ಕೆ. ಮುಂಜಾನೆಯ ಸೂರ್ಯ ಹೆಚ್ಚು ಹೊತ್ತು ಬಲಗಡೆಗೇ ಇರುತ್ತಾನೆ. ಸಿಂಧನೂರಿನಿಂದ ದಾರಿ ಈಶಾನ್ಯಕ್ಕೆ ತಿರುಗಿದ ಮೇಲೂ ಅದೇ ಮಗ್ಗಲು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದವನಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ಬಸ್ಸಿನಲ್ಲಿ ಕೂರುವಾಗ ನೆರಳಿನ ಮಗ್ಗಲು ಹುಡುಕುತ್ತೇವೆ. ಸಸಿಗೆ ಹುಡುಕಿರಲಿಲ್ಲ.

ಮಾನ್ವಿ ದಾಟಿದಾಗ ಹತ್ತೂ ಕಾಲು. ಕಲ್ಲೂರು ದಾಟಿ ಹೊಲದ ದಾರಿಗೆ ತಿರುಗಿದಾಗ ಹನ್ನೊಂದು. ಇನ್ನು ಎರಡೇ ಕಿಲೋಮೀಟರ್ ಅಂತ ಉಸಿರು ಬಿಟ್ಟೆ. ಆ ಎರಡು ಕಿಲೋಮೀಟರಿಗೆ ಒಂದೂವರೆ ತಾಸು ಹಿಡಿಯಿತು. ರಾತ್ರಿ ಅಲ್ಲಿ ಮಳೆ ಬಿದ್ದಿತ್ತು. ಅದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಎರೆ ಮಣ್ಣು ಹಸಿಯಾದರೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಅರ್ಧ ದಾರಿಯಲ್ಲಿ ಗಾಡಿ ಹೂತು ಕೂತಿತು. ಪಕ್ಕದ ಹೊಲದವರು ಟ್ರ್ಯಾಕ್ಟರ್ ಟ್ರೇಲರ್ ತಂದರು. ಟ್ರೇಗಳನ್ನು ಒಂದರ ಮೇಲೊಂದು ಇಟ್ಟರೆ ಸಸಿ ಮುರಿಯುತ್ತದೆ, ಹರವಿ ಇಟ್ಟರೆ ಜಾಗ ಸಾಲದು. ಎರಡು ಸುತ್ತು ಹೊಡೆಯಬೇಕಾಯಿತು.

ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗೆ ಆ ಹನ್ನೆರಡು ಮಂದಿ ಕೂತಿದ್ದರು. ಬುತ್ತಿ ಬಿಚ್ಚಿ ಉಂಡು ಮುಗಿದಿತ್ತು. ರೈತರು ನನ್ನನ್ನು ಬೈಯಲಿಲ್ಲ. "ಬರ್ರಿ, ನೀರು ಕುಡೀರಿ" ಅಂದರು. ಬೈದಿದ್ದರೇ ನನಗೆ ಹಗುರಾಗುತ್ತಿತ್ತು. ಆಳುಗಳಲ್ಲಿ ಹಿರಿಯಾಕೆ ಒಬ್ಬರು ಎದ್ದು ಬಂದರು. ಬಾಡಿದ ಟ್ರೇಯಿಂದಲೇ ಒಂದು ಸಸಿಯ ಬುಡ ಹಿಡಿದು ಮೆಲ್ಲಗೆ ಎಳೆದರು. ನಾರಿನ ಪುಡಿಯ ಉಂಡೆ ಒಡೆಯದೆ ಇಡಿಯಾಗಿ ಬಂತು. ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿದರು. "ಬ್ಯಾರು ಬೆಳ್ಳಗ ಐತಿ ತಮ್ಮಾ. ಜೀವ ಐತಿ. ಈಗ ಹಚ್ಚಬ್ಯಾಡ್ರಿ, ಹೊತ್ತು ಇಳೀಲಿ." ನೆರಳಿಗೆ ಸಾಗಿಸಿ, ನೀರು ಚಿಮುಕಿಸಿ, ಮೂರು ಗಂಟೆಗೆ ನಾಟಿ ಶುರು ಮಾಡಿದರು. ಕತ್ತಲಾಗುವವರೆಗೆ ಒಂದು ಎಕರೆಯ ಮೇಲೆ ಸ್ವಲ್ಪ ಆಯಿತು. ಉಳಿದದ್ದಕ್ಕೆ ಮರುದಿನ ಮತ್ತೆ ಕೂಲಿ. ಅದನ್ನು ನಮ್ಮ ಮಾಲೀಕರಿಗೆ ಹೇಳಿ ನರ್ಸರಿಯಿಂದಲೇ ಕೊಡಿಸಿದೆ. ಬಲಗಡೆ ಸಾಲಿನಲ್ಲಿ ಬದುಕದ 22 ಟ್ರೇ ಸಸಿಯನ್ನೂ ಬದಲಿಸಿ ಕೊಟ್ಟೆವು.

ಇಷ್ಟಕ್ಕೆ ಮುಗಿದಿದ್ದರೆ ತಡವಾದ ಕಥೆ ಅಷ್ಟೇ ಆಗುತ್ತಿತ್ತು. ವಾಪಸ್ ಬರುವಾಗ ಆದದ್ದು ನನಗೆ ಅದಕ್ಕಿಂತ ದೊಡ್ಡದು.

ನಾಟಿ ಶುರುವಾಗುವ ಮೊದಲೇ, ಎರಡೂವರೆಗೆ ನಾವು ಹೊರಟೆವು. ಗಾಡಿ ಖಾಲಿ, ರೋಡು ಖಾಲಿ, ಹೊಟ್ಟೆಯಲ್ಲಿ ರೈತರ ಮನೆಯ ರೊಟ್ಟಿ. ಮಾನ್ವಿ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ನಾನು ಮೊಬೈಲ್ ನೋಡುತ್ತಿದ್ದೆ. ಟೈರಿನ ಸದ್ದು ಬದಲಾಯಿತು. ಡಾಂಬರಿನ ಒಂದೇ ಸಮನೆಯ ಸದ್ದು ಹೋಗಿ ಗರಸಿನ ಕರಕರ ಕೇಳಿಸಿತು. ತಲೆ ಎತ್ತಿದರೆ ಎಡಗಡೆ ಚಕ್ರ ರೋಡಿನಿಂದ ಇಳಿದಿದೆ, ಮುಂದೆ ಮೋರಿಯ ಕಟ್ಟೆ. "ಅಣ್ಣಾ!" ಅಂತ ಕೂಗಿದೆ. ಡ್ರೈವರ್ ಅಣ್ಣ ಬೆಚ್ಚಿ ಸ್ಟೇರಿಂಗ್ ಎಳೆದುಕೊಂಡರು. ಗಾಡಿ ನಿಂತಿತು. ಅವರ ಕೈ ನಡುಗುತ್ತಿತ್ತು. "ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ" ಅಂದರು. ಅಲ್ಲೇ ಮರದ ಕೆಳಗೆ ಗಾಡಿ ಹಾಕಿದೆವು. ಅವರು ಒಂದು ತಾಸು ಮಲಗಿದರು, ನಾನು ಪಕ್ಕದಲ್ಲಿ ಕೂತೆ.

ಕೂತಾಗ ಲೆಕ್ಕ ಹಾಕಿದೆ. ಲೋಡಿಂಗ್‌ಗೆ ಕೈ ಕೊಡಲಿ ಅಂತ ನಾನೇ ಅವರನ್ನು ಮೂರಕ್ಕೆ ಎಬ್ಬಿಸಿದ್ದೆ. ಹೋಗುವಾಗ ಐದು ತಾಸಿನ ಮೇಲೆ ಸ್ಟೇರಿಂಗ್, ಆಮೇಲೆ ಕೆಸರಿನಲ್ಲಿ ಒದ್ದಾಟ, ವಾಪಸ್ ಇನ್ನೂ ನಾಲ್ಕು ತಾಸು. ಬಳ್ಳಾರಿ ರಾಯಚೂರು ಅರ್ಧ ದಿನದ ದಾರಿ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಅದು ಅರ್ಧ ದಿನ ಆಗುವುದು ಸಸಿಗೆ. ಗಾಡಿ ಓಡಿಸುವವರಿಗೆ ಅದು ಒಂದು ಪೂರ್ತಿ ದಿನ, ಮೇಲೆ ಅರ್ಧ ರಾತ್ರಿ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಅಂತ ಮಿತಿ ಇತ್ತು. ಐದು ತಾಸು ಕೆಲಸ ಆಗುವುದರೊಳಗೆ ಕನಿಷ್ಠ ಅರ್ಧ ತಾಸು ಬಿಡುವು ಕೊಡಬೇಕು ಅಂತಲೂ ಇತ್ತು. ಆ ಕಾಯ್ದೆ ಮಾಡಿದವರಿಗೆ ಮನುಷ್ಯನ ಮೈ ಎಷ್ಟು ತಾಳುತ್ತದೆ ಅಂತ ಗೊತ್ತಿತ್ತು. ನಮ್ಮಂಥ ಸಣ್ಣ ಜಾಗದಲ್ಲಿ ಯಾರೂ ಕೇಳುವುದಿಲ್ಲ ಅಂತ ನಾನು ಅದರ ಕಡೆ ನೋಡಿರಲೇ ಇಲ್ಲ. ಮೋರಿ ಕಟ್ಟೆಯಿಂದ ನಾಲ್ಕು ಮಾರು ದೂರದಲ್ಲಿ ಕೂತು ಅದು ನೆನಪಾಯಿತು.

ಈಗ ರಾಯಚೂರು ಟ್ರಿಪ್‌ಗೆ ಇಬ್ಬರು ಡ್ರೈವರ್. ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು. ಇಬ್ಬರು ಸಿಗದಿದ್ದರೆ ಗಾಡಿ ಆ ರಾತ್ರಿ ರಾಯಚೂರಿನಲ್ಲೇ ಉಳಿಯುತ್ತದೆ. ಲಾಡ್ಜ್ ಖರ್ಚು ಜಾಸ್ತಿ ಅಂತ ಮಾಲೀಕರು ಮೊದಲು ಮುಖ ಗಂಟು ಹಾಕಿಕೊಂಡರು. ಮೋರಿಯ ವಿಷಯ ಮುಚ್ಚಿಡದೆ ಹೇಳಿದೆ, ಒಪ್ಪಿದರು. ಡ್ರೈವರ್ ಲೋಡಿಂಗ್ ಮುಟ್ಟುವಂತಿಲ್ಲ. ರಾತ್ರಿ ಎಂಟಕ್ಕೆ ಊಟ ಮಾಡಿ ಮಲಗಬೇಕು. ಅವರಿಗೆ ರಾತ್ರಿ ಫೋನ್ ಮಾಡಿ "ನಾಳೆ ಎಷ್ಟಕ್ಕೆ" ಅಂತ ಕೇಳುವುದನ್ನೂ ಬಿಟ್ಟಿದ್ದೇನೆ.

ಹೊತ್ತಿನ ಲೆಕ್ಕವನ್ನು ಈಗ ಹಿಂದಿನಿಂದ ಶುರು ಮಾಡುತ್ತೇನೆ. ಆಳುಗಳು ಹೊಲಕ್ಕೆ ಎಷ್ಟಕ್ಕೆ ಇಳಿಯುತ್ತಾರೆ? ಒಂಬತ್ತಕ್ಕೆ ಅಂದರೆ ಸಸಿ ಎಂಟೂ ಕಾಲಿಗೆ ಬದುವಿನ ಮೇಲೆ ಇರಬೇಕು. ಹಾಗಾದರೆ ಸಿಂಧನೂರು ಆರಕ್ಕೆ ದಾಟಬೇಕು, ಊರು ಏಳುವ ಮೊದಲು. ಸಿರುಗುಪ್ಪ ಐದರ ಹೊತ್ತಿಗೆ, ಟ್ರ್ಯಾಕ್ಟರ್‌ಗಳು ಇಳಿಯುವ ಮೊದಲು. ಅಂದರೆ ನರ್ಸರಿಯಿಂದ ನಾಲ್ಕಕ್ಕೆ ಬಿಡಬೇಕು, ಲೋಡಿಂಗ್ ಹಿಂದಿನ ರಾತ್ರಿಯೇ ಮುಗಿಯಬೇಕು. ಸಂಜೆ ನೀರು ಕೊಟ್ಟು, ನೀರು ಇಳಿದ ಮೇಲೆ ಒಂಬತ್ತಕ್ಕೆ ಲೋಡ್ ಮಾಡುತ್ತೇವೆ. ಮೊದಲು ನಾನು ಹೊರಡುವ ಮುಂಚೆ ಗಟಗಟ ನೀರು ಹಾಕಿಸುತ್ತಿದ್ದೆ, ದಾರಿಗೆ ಆಗುತ್ತದೆ ಅಂತ. ಅದು ತಪ್ಪು. ನೀರು ಕುಡಿದ ಉಂಡೆ ಭಾರವಾಗಿ ಕುಲುಕಾಟಕ್ಕೆ ಒಡೆಯುತ್ತದೆ. ರಾತ್ರಿಯೆಲ್ಲ ಗಾಡಿಯ ಪಕ್ಕದ ಬಲೆ ಎತ್ತಿಯೇ ಇರುತ್ತದೆ, ತಂಪು ಗಾಳಿ ಆಡಲಿ ಅಂತ. ಹೊರಡುವಾಗ ಬಲಗಡೆ ಎರಡು ಪದರ ಬಲೆ, ಎಡಗಡೆ ಒಂದು. ವೇಗ 50ರ ಮೇಲೆ ಬೇಡ. ಆ ತಿಂಗಳುಗಳಲ್ಲಿ ನಮ್ಮ ಬಯಲಿನ ಗಾಳಿಯೇ ಜೋರು, ಅದರ ಜೊತೆ ಗಾಡಿಯ ಗಾಳಿಯೂ ಸೇರಿದರೆ ಎಲೆ ಒಣಗಿ ಹೋಗುತ್ತದೆ.

ಕೊನೆಯ ಎರಡು ಕಿಲೋಮೀಟರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಫೋನು ಮಾಡುತ್ತೇನೆ. ಲಾರಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಯಾರ ಟ್ರ್ಯಾಕ್ಟರ್ ಸಿಗುತ್ತದೆ, ಎರೆಯೋ ಕೆಂಪು ಮಣ್ಣಿನ ಮಸಾರಿಯೋ? ರಾತ್ರಿ ಮಲಗುವ ಮೊದಲು ಒಮ್ಮೆ, ಹೊರಡುವಾಗ ಒಮ್ಮೆ: "ಮಳಿ ಬಿತ್ತೇನ್ರಿ?" ಬಳ್ಳಾರಿಯಲ್ಲಿ ಚುಕ್ಕಿ ಕಾಣುತ್ತಿದ್ದರೂ ಮಾನ್ವಿಯಲ್ಲಿ ಸುರಿದಿರಬಹುದು. ಮೊಬೈಲಿನ ಹವಾಮಾನಕ್ಕಿಂತ ಹೊಲದಲ್ಲಿ ಮಲಗಿದವರ ಮಾತು ನನಗೆ ಹೆಚ್ಚು. ಇನ್ನೊಂದು ಫೋನು ಸಿಂಧನೂರು ದಾಟಿದ ಮೇಲೆ ರೈತರಿಗೆ. ಆಳುಗಳನ್ನು ಕರೆತರುವ ಟಂಟಂ ಆಗ ಊರಿನಿಂದ ಹೊರಟರೆ ಸಾಕು. ಸುಮ್ನೆ ಮರದ ಕೆಳಗೆ ಕಾಯಿಸುವುದಿಲ್ಲ.

ಗಂಗಾವತಿ ಕಡೆಯ ಟ್ರಿಪ್ ಆದರೆ ಹೊಳೆಯನ್ನೂ ಕೇಳಬೇಕು. ಜಲಾಶಯದಿಂದ ಲಕ್ಷ ಕ್ಯೂಸೆಕ್ ಮೇಲೆ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸುತ್ತಾರೆ, ಆಗ ಬುಕ್ಕಸಾಗರ, ಕಡೇಬಾಗಿಲು ಮೇಲೆ ಸುತ್ತಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋಯಿತಲ್ಲ, ಮರುದಿನ ನಮಗೆ ದಾರಿಯ ಚಿಂತೆಗಿಂತ ಮೊದಲು ಬಂದದ್ದು ರೈತರ ಫೋನು. "ಸಸಿ ತಡೀರಿ, ನಾಲೆಗೆ ನೀರು ಉಳಿತಾವೋ ಇಲ್ಲೋ." ಎಡದಂಡೆ ನಾಲೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಕಡೆಯವರ ದನಿಯಲ್ಲಿ ಆ ದಿನ ಇದ್ದ ಅಂಜಿಕೆ ಇನ್ನೂ ಕಿವಿಯಲ್ಲಿದೆ. ತಯಾರಾದ ಸಸಿಯನ್ನು ಇಟ್ಟುಕೊಂಡೆವು. ಅವರು ಬೇಕು ಅಂದ ದಿನವೇ ಕಳಿಸಿದೆವು.

ಭತ್ತ ಕೊಯ್ಯುವ ಕಾಲದಲ್ಲಿ ಇದೇ ದಾರಿ ಬೇರೆಯೇ ಆಗುತ್ತದೆ. ಅರ್ಧ ರೋಡಿನಲ್ಲಿ ಭತ್ತ ಒಣಹಾಕಿರುತ್ತಾರೆ, ಕತ್ತಲಲ್ಲಿ ಅದರ ಅಂಚಿಗಿಟ್ಟ ಕಲ್ಲು ಕಾಣುವುದಿಲ್ಲ. ಆಗ ಟೊಮೆಟೊ ಸಸಿ ಕಳಿಸುವುದಿದ್ದರೂ ನಾಲ್ಕಕ್ಕೆ ಬಿಡುವುದಿಲ್ಲ, ಬೆಳಕು ಹರಿದ ಮೇಲೆಯೇ ಬಿಡುತ್ತೇವೆ. ತಡವಾಗುತ್ತದೆ ಅಂತ ರೈತರಿಗೆ ಮೊದಲೇ ಹೇಳಿಬಿಡುತ್ತೇನೆ.

ಆ ರೈತರು ಮರುವರ್ಷ ನಮ್ಮಲ್ಲಿಗೇ ಬಂದರು. ಈ ಸಲ ಮೂರು ಎಕರೆ, ಎರಡು ಗಾಡಿ. ಹಿಂದಿನ ರಾತ್ರಿ ನಾನು ಕೇಳುವ ಮೊದಲೇ ಅವರೇ ಹೇಳಿದರು: "ಮಳಿ ಇಲ್ರಿ, ದಾರಿ ಒಣಗೇತಿ. ಆದ್ರೂ ಟ್ರ್ಯಾಕ್ಟರ್ ರೋಡಿಗೆ ನಿಂದರ್ಸೀನಿ." ಗಾಡಿಗಳು ಎಂಟು ಹತ್ತಕ್ಕೆ ಹೊಲ ಮುಟ್ಟಿದವು. ಟ್ರೇಗಳನ್ನೆಲ್ಲ ಅದೇ ಬೇವಿನ ಮರದ ಕೆಳಗೆ ಇಳಿಸಿದೆವು. ಟಂಟಂ ಇನ್ನೂ ಬಂದಿರಲಿಲ್ಲ. ಡ್ರೈವರ್ ಅಣ್ಣ ಬದುವಿನ ಮೇಲೆ ಟವೆಲ್ ಹಾಸಿಕೊಂಡು ಮಲಗಿದರು.