ಕ್ರ್ಯಾಕ್ ಮಾಡುವವರಿಗೆ ಎಂತ ಸಿಗ್ತದೆ?

ಅಂಗಡಿಗೆ ಬರುವವರು ಮೊದಲು ಕೇಳುವುದು "ಎಷ್ಟಾಗ್ತದೆ" ಎಂದು. ಸ್ವಲ್ಪ ಹೊತ್ತು ಕಾದು ಬೋರಾದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. "ಅಲ್ಲ ಮಾರಾಯ್ರೆ, ಅಷ್ಟು ರೇಟಿನ ಸಾಫ್ಟ್‌ವೇರಿನ ಲಾಕ್ ಒಡೆದು ಯಾರೋ ಫ್ರೀ ಕೊಡ್ತಾರಲ್ಲ, ಅವರಿಗೆ ಎಂತ ಲಾಭ?" ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಶುರು ಮಾಡುವಷ್ಟರಲ್ಲಿ ವಿಂಡೋಸ್ ಹಾಕಿ ಮುಗಿದಿರುತ್ತದೆ, ಅವರು ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಾರೆ. ಅದಕ್ಕೇ ಪೂರ್ತಿ ಇಲ್ಲಿ ಬರೆಯುತ್ತೇನೆ.

ದುಡ್ಡಿನ ಲಾಭ ಹೆಚ್ಚಿನವರಿಗೆ ಇರಲೇ ಇಲ್ಲ. ಹೆಸರು ಸಿಗುತ್ತಿತ್ತು. ಅದೂ ಅಪ್ಪ ಅಮ್ಮ ಇಟ್ಟ ಹೆಸರಿಗಲ್ಲ, ತಾವೇ ಇಟ್ಟುಕೊಂಡ ಕಳ್ಳ ಹೆಸರಿಗೆ. ಇನ್ನೊಂದು ವಿಷಯ ಉಂಟು. ಅವರು ಅದನ್ನು ನಮಗೆ ಅಂತ ಕೊಟ್ಟದ್ದೇ ಅಲ್ಲ. ಅವರವರ ಪೈಪೋಟಿಯಲ್ಲಿ ಸೋರಿ ಹೋದದ್ದು ನಮ್ಮ ತನಕ ಬಂತು, ಅಷ್ಟೆ.

ಕಂಬಳಕ್ಕೆ ಕೋಣ ಕಟ್ಟುವವರನ್ನು ನೋಡಿ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಲಕ್ಷಗಟ್ಟಲೆ ಸುರಿದು, ಗೆದ್ದರೆ ಸಿಗುವುದು ಎರಡು ಪವನು ಚಿನ್ನ. ಲೆಕ್ಕ ಹಾಕಿದರೆ ಬರೀ ನಷ್ಟ. ಆದರೆ ಕರೆಯ, ಅಂದರೆ ಕೋಣ ಓಡುವ ಗದ್ದೆಯ, ಬದಿಯಲ್ಲಿ ನಿಂತವರಿಗೆಲ್ಲ ಆ ಕೋಣ ಯಾವ ಮನೆಯದ್ದೆಂದು ಗೊತ್ತು. ಅದೇ ಸಾಕು. ಕ್ರ್ಯಾಕ್ ಗುಂಪುಗಳ ಲೆಕ್ಕವೂ ಹೀಗೇ.

ಶುರುವಿನಲ್ಲಿ ಗುಂಪು ಗಿಂಪು ಏನೂ ಇರಲಿಲ್ಲ. ಆಲ್ಟೇರ್ ಎಂಬ ಕಂಪ್ಯೂಟರಿಗೆ ಬಿಲ್ ಗೇಟ್ಸ್ ಮತ್ತು ಅವರ ಜೊತೆಗಾರರು ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರ್ ಪೇಪರ್ ಟೇಪಿನಲ್ಲಿ ಬರುತ್ತಿತ್ತು. ಹವ್ಯಾಸಿಗಳು ಅದನ್ನು ಪ್ರತಿ ಮಾಡಿ ಹಂಚಿಕೊಂಡರು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಸಿಟ್ಟಿನಲ್ಲಿ ಬಹಿರಂಗ ಪತ್ರ ಬರೆದು, ನಿಮ್ಮಲ್ಲಿ ಹೆಚ್ಚಿನವರು ಕದ್ದೇ ಬಳಸುತ್ತೀರಿ ಎಂದು ದೂರಿದರು. ಅಲ್ಲಿದ್ದದ್ದು ಗೆಳೆಯರೊಳಗಿನ ಹಂಚಾಟ.

ಪೈಪೋಟಿ ಹುಟ್ಟಿದ್ದು 80ರ ದಶಕದಲ್ಲಿ, ಆಪಲ್ 2 ಮತ್ತು ಕೊಮೊಡೋರ್ 64 ಮನೆಗೆ ಬಂದ ಮೇಲೆ. ಆಟಗಳು ಫ್ಲಾಪಿಯಲ್ಲಿ ಬರುತ್ತಿದ್ದವು. ಪ್ರತಿ ಮಾಡಬಾರದೆಂದು ಕಂಪನಿಯವರು ಫ್ಲಾಪಿಯ ಒಂದು ಜಾಗವನ್ನು ಬೇಕೆಂದೇ ಹಾಳು ಮಾಡಿಡುತ್ತಿದ್ದರು. ಮಾಮೂಲಿ ಕಾಪಿ ಪ್ರೋಗ್ರಾಂ ಅಲ್ಲಿ ಎಡವುತ್ತಿತ್ತು. ಆಟ ಮಾತ್ರ ಶುರುವಾಗುವಾಗ ಆ ಹಾಳು ಜಾಗ ಇದೆಯಾ ಅಂತ ನೋಡಿಕೊಳ್ಳುತ್ತಿತ್ತು. ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಹೀಗೆ ನೋಡಿಕೊಳ್ಳುವ ಸಾಲು ಪ್ರೋಗ್ರಾಮಿನ ಒಳಗೆ ಎಲ್ಲಿದೆ ಎಂದು ಹುಡುಕಿ ಕಿತ್ತರೆ ಕ್ರ್ಯಾಕ್ ಆಯಿತು. ಹೇಳುವುದು ಸುಲಭ. ಮೂಲ ಕೋಡ್ ಕೈಯಲ್ಲಿ ಇಲ್ಲದೆ, ಬರೀ ಯಂತ್ರದ ಸಂಖ್ಯೆಗಳನ್ನು ಓದಿ ಇದನ್ನು ಹದಿನಾರು ಹದಿನೇಳರ ಹುಡುಗರು ಮಾಡುತ್ತಿದ್ದರು.

ಮಾಡಿದ ಮೇಲೆ ಸುಮ್ನೆ ಕೂರುತ್ತಾರಾ? ಆಟದ ಮೊದಲ ಪರದೆಯಲ್ಲಿ ತಮ್ಮ ಹೆಸರು ಹಾಕಿದರು. ಆಮೇಲೆ ಹೆಸರು ಓಡತೊಡಗಿತು, ಹಿಂದೆ ಬಣ್ಣ ಬಂತು, ಸಂಗೀತ ಬಂತು. ಇದಕ್ಕೆ ಇಂಟ್ರೋ ಎನ್ನುತ್ತಿದ್ದರು. 1985ರಲ್ಲಿ ನಾರ್ವೆಯಲ್ಲಿ ರೇಜರ್ 1911 ಎಂಬ ಗುಂಪು ಹುಟ್ಟಿತು, 1987ರಲ್ಲಿ ಸ್ವೀಡನ್ನಿನಲ್ಲಿ ಫೇರ್‌ಲೈಟ್. ಯಾರ ಇಂಟ್ರೋ ಚಂದ ಎಂಬುದೇ ಒಂದು ಜಗಳವಾಯಿತು. ಕೊನೆಗೆ ಕೆಲವರು ಕಳ್ಳತನ ಬಿಟ್ಟು ಇಂಟ್ರೋ ಮಾಡುವುದನ್ನೇ ಹಿಡಿದರು. ಅದಕ್ಕೆ ಡೆಮೋಸೀನ್ ಎನ್ನುತ್ತಾರೆ. ಫಿನ್ಲೆಂಡ್ 2020ರಲ್ಲಿ ಅದನ್ನು ತನ್ನ ದೇಶದ ಪರಂಪರೆಯ ಪಟ್ಟಿಗೇ ಸೇರಿಸಿಕೊಂಡಿತು!

ಫ್ಲಾಪಿ ಊರೂರು ಸುತ್ತಿದ್ದು ಅಂಚೆಯಲ್ಲಿ. ಸ್ಟಾಂಪಿನ ಮೇಲೆ ತೆಳ್ಳಗೆ ಗೋಂದು ಸವರಿ ಕಳಿಸುತ್ತಿದ್ದರು. ಅಂಚೆಯವರ ಮುದ್ರೆ ಗೋಂದಿನ ಮೇಲೆ ಬೀಳುತ್ತಿತ್ತು. ಆ ಕಡೆಯವನು ನೀರಲ್ಲಿ ತೊಳೆದು ಅದೇ ಸ್ಟಾಂಪ್ ಹಚ್ಚಿ ಉತ್ತರ ಕಳಿಸುತ್ತಿದ್ದ. ಫೋನ್ ತಂತಿಯಲ್ಲಿ ಫೈಲ್ ಕಳಿಸುವ ಮೋಡೆಮ್ ಬಂದ ಮೇಲೆ ಫೋನ್ ಬಿಲ್ಲಿಗೂ ಹೀಗೇ ಏನೇನೋ ಉಪಾಯ ಮಾಡಿದರು.

ಅಮೆರಿಕದಲ್ಲಿ 1989ರ ಹೊತ್ತಿಗೆ ದ ಹಂಬಲ್ ಗೈಸ್ ಎಂಬ ಗುಂಪು ಬಂತು. ಹೆಸರು ವಿನಯದ್ದು, ಕೆಲಸ ಜೋರಿನದ್ದು. ಕ್ರ್ಯಾಕಿನ ಜೊತೆಗೆ ಎನ್‌ಎಫ್‌ಒ ಎಂಬ ಚಿಕ್ಕ ಫೈಲ್ ಇಡುವ ಪದ್ಧತಿ ಶುರು ಮಾಡಿದ್ದು ಅವರೇ. ಹಳೇ ಸಿಡಿಯಲ್ಲಿ ಈ ಫೈಲನ್ನು ನೀವು ನೋಡಿಯೇ ಇರುತ್ತೀರಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ತಲೆಯ ಮೇಲೆ ಎರಡು ಚುಕ್ಕಿ, ಟೋಪಿ ಇರುವ ವಿಚಿತ್ರ ಅಕ್ಷರಗಳ ರಾಶಿ. ಫೈಲ್ ಹಾಳಾಗಿದೆ ಎಂದು ಅಳಿಸಿಬಿಡುತ್ತಿದ್ದೆವು ಅಲ್ವಾ? ಹಾಳಾದದ್ದಲ್ಲ. ವಿಂಡೋಸಿಗೆ ಮೊದಲಿನ ಡಾಸ್ ಕಾಲದ ಅಕ್ಷರಪಟ್ಟಿಯಲ್ಲಿ ಅದೇ ಸಂಖ್ಯೆಗಳಿಗೆ ಕಪ್ಪು ಚೌಕ, ಅರ್ಧ ಚೌಕಗಳಿದ್ದವು. ಸರಿಯಾದ ಪ್ರೋಗ್ರಾಮಿನಲ್ಲಿ ತೆರೆದರೆ ಆ ರಾಶಿ ಗುಂಪಿನ ಲಾಂಛನವಾಗಿ ಎದ್ದು ನಿಲ್ಲುತ್ತದೆ. ಕೆಳಗೆ ಆಟದ ಹೆಸರು, ತಾರೀಕು, ಎಷ್ಟು ಡಿಸ್ಕ್, ಯಾರು ಒಡೆದದ್ದು. ಅದರ ಕೆಳಗೆ ಗೆಳೆಯ ಗುಂಪುಗಳಿಗೆ ನಮಸ್ಕಾರ, ಎದುರಾಳಿಗಳಿಗೆ ಬೈಗುಳ. "ನಮ್ಮ ಕ್ರ್ಯಾಕ್ ಕದ್ದಿರಿ" ಎನ್ನುವುದು ಇಲ್ಲಿ ಮಾಮೂಲಿ ಆರೋಪ. ಕದ್ದ ಮಾಲನ್ನು ಕದ್ದರೆಂದು ಕಳ್ಳರೇ ಬೊಬ್ಬೆ ಹೊಡೆಯುವುದು. ನನಗೆ ಇದನ್ನು ಓದುವುದೆಂದರೆ ಈಗಲೂ ಖುಷಿ.

ಇಂಟರ್ನೆಟ್ ಬಂದ ಮೇಲೆ ಓಟ ನಿಮಿಷಗಳ ಲೆಕ್ಕಕ್ಕೆ ಇಳಿಯಿತು. ಗುಂಪಿನೊಳಗೆ ಕೆಲಸ ಹಂಚಿಕೆಯಾಗಿತ್ತು. ಒಬ್ಬ ಮಾಲು ತರುವವನು. ಸಿಡಿ ಕಾರ್ಖಾನೆ, ಪತ್ರಿಕೆಯ ಕಚೇರಿ, ಅಂಗಡಿ, ಕಂಪನಿಯ ಒಳಗೇ ಇದ್ದವನು. ಒಬ್ಬ ಒಡೆಯುವವನು. ಒಬ್ಬ ಆಡಿ ನೋಡುವವನು. ಮತ್ತೆ ಕೊರಿಯರ್‌ಗಳು, ಅಂದರೆ ಒಂದು ಗುಪ್ತ ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವವರು. ಈ ಸರ್ವರುಗಳಿಗೆ ಟಾಪ್‌ಸೈಟ್ ಎನ್ನುತ್ತಿದ್ದರು. ಹೊರಗಿನವರಿಗೆ ಪ್ರವೇಶವಿಲ್ಲ.

ನಿಯಮ ಸರ್ಕಾರಿ ಕಚೇರಿಗಿಂತ ಜಾಸ್ತಿ. ಒಂದು ಆಟವನ್ನು ಯಾರು ಮೊದಲು ಬಿಟ್ಟರೋ ಅದು ಅವರದ್ದು, ಎರಡನೆಯವರದ್ದು ಕಸ. ಆದರೆ ಮೊದಲಿನವರ ಕ್ರ್ಯಾಕ್ ಕೆಲಸ ಮಾಡದಿದ್ದರೆ ಎದುರಾಳಿ "ಪ್ರಾಪರ್", ಅಂದರೆ ಇದು ಸರಿಯಾದದ್ದು, ಎಂದು ಬರೆದು ತನ್ನದನ್ನು ಬಿಡಬಹುದು. ಆಗ ಮೊದಲಿನದ್ದಕ್ಕೆ "ನ್ಯೂಕ್", ಅಂದರೆ ಲೆಕ್ಕಕ್ಕಿಲ್ಲ ಎಂಬ ಗುರುತು, ಬೀಳುತ್ತದೆ, ಸಾಗಿಸಿದವನ ಅಂಕ ಕಳೆಯುತ್ತಾರೆ. ಹಾಗಾಗಿ ಎದುರಾಳಿಯ ಆಟವನ್ನು ಕೊನೆಯ ಹಂತದ ತನಕ ಆಡಿ ತಪ್ಪು ಹುಡುಕುವವರೂ ಇದ್ದರು. ನಮ್ಮ ಸಿಡಿಗಳಲ್ಲಿ ಒಂದೇ ಆಟ ರಾರ್ ಎಂಬ ಒತ್ತಿ ಕಟ್ಟಿದ ಫೈಲಿನ ಹತ್ತಾರು ತುಂಡುಗಳಾಗಿ ಬರುತ್ತಿತ್ತಲ್ಲ, ಅದೂ ನಿಯಮವೇ. ಮೊದಲು 1.44 ಎಂಬಿಯ ಫ್ಲಾಪಿಯ ಲೆಕ್ಕಕ್ಕೆ ತುಂಡು ಮಾಡುತ್ತಿದ್ದರು. ಆಮೇಲೆ ತುಂಡು ದೊಡ್ಡದಾಯಿತು, ಪದ್ಧತಿ ಉಳಿಯಿತು. ಹಲವರು ಒಟ್ಟಿಗೆ ಸಾಗಿಸಲು, ಕೆಟ್ಟ ತುಂಡನ್ನು ಮಾತ್ರ ಪುನಃ ಕಳಿಸಲು ಅದು ಅನುಕೂಲ.

ಇನ್ನೊಂದು ಗುಟ್ಟು. ಹಳೇ ಸಿಡಿಯ ಎಷ್ಟೋ ಆಟಗಳಲ್ಲಿ ಕತೆ ಹೇಳುವ ವಿಡಿಯೋ ಇರಲಿಲ್ಲ, ಸಂಗೀತವೂ ಇರಲಿಲ್ಲ. ಆಟವೇ ಹಾಗೆ ಎಂದು ನಾವು ತಿಳಿದಿದ್ದೆವು. ಬೇಗ ಸಾಗಲಿ ಎಂದು ಅವನ್ನೆಲ್ಲ ಕಿತ್ತು ಹಾಕಿ ಬಿಡುವ "ರಿಪ್" ಗುಂಪುಗಳೇ ಬೇರೆ ಇದ್ದವು. ಕ್ಲಾಸ್ ಎಂಬ ಗುಂಪು ಅದರಲ್ಲಿ ದೊಡ್ಡದು.

ಈ ಅವಸರವನ್ನು ಆಟ ಮಾಡುವವರೂ ಬಳಸಿಕೊಂಡರು. 2000ದಲ್ಲಿ ಬಂದ ಸ್ಪೈರೋ: ಇಯರ್ ಆಫ್ ದ ಡ್ರ್ಯಾಗನ್ ಎಂಬ ಪ್ಲೇಸ್ಟೇಷನ್ ಆಟದಲ್ಲಿ ಒಂದು ಪರೀಕ್ಷೆ ಒಡೆದರೆ ಅದನ್ನು ಕಾಯುವ ಇನ್ನೊಂದು ಪರೀಕ್ಷೆ ಇತ್ತು. ಆಟ ನಿಲ್ಲುತ್ತಿರಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ ಒಂದು ಪಾತ್ರವೇ ಬಂದು ಇದು ಕದ್ದ ಪ್ರತಿ ಇರಬಹುದು ಎನ್ನುತ್ತಿತ್ತು. ಕೂಡಿಟ್ಟ ಮೊಟ್ಟೆಗಳು ಮಾಯವಾಗುತ್ತಿದ್ದವು. ಕೊನೆಯ ಕಾಳಗದಲ್ಲಿ ಉಳಿಸಿದ ಆಟವೇ ಅಳಿಸಿ ಹೋಗುತ್ತಿತ್ತು. ಗೆಲ್ಲುವ ಆತುರದಲ್ಲಿ ಪೂರ್ತಿ ಆಡಿ ನೋಡದೆ ಬಿಟ್ಟವರು ನಗೆಪಾಟಲಾದರು. ಪೂರ್ತಿ ಕ್ರ್ಯಾಕ್ ಬರಲು ಎರಡು ತಿಂಗಳೇ ಹಿಡಿಯಿತು.

ಇನ್ನು ವಿಂಡೋಸ್. 1993ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಡ್ರಿಂಕ್ ಆರ್ ಡೈ ಎಂಬ ಗುಂಪು ವಿಂಡೋಸ್ 95 ಅನ್ನು ಮೈಕ್ರೋಸಾಫ್ಟ್ ಮಾರುಕಟ್ಟೆಗೆ ಬಿಡುವ ಎರಡು ವಾರ ಮೊದಲೇ ಬಿಟ್ಟಿತು. ಎಕ್ಸ್‌ಪಿ 2001ರಲ್ಲಿ ಹೀಗೇ ಮೊದಲೇ ಸೋರಿತು, ಕಂಪನಿಗಳಿಗೆ ಕೊಡುವ ಕೀ, ಅಂದರೆ ವಿಂಡೋಸ್ ಹಾಕುವಾಗ ಕೇಳುವ ಅಕ್ಷರ ಅಂಕಿಗಳ ಸಾಲು, ಅದರ ಸಮೇತ. ಎಫ್‌ಸಿಕೆಜಿಡಬ್ಲ್ಯೂ ಎಂದು ಶುರುವಾಗುವ ಆ ಕೀ ಮಂಗಳೂರು, ಉಡುಪಿಯ ಅಸೆಂಬ್ಲಿಂಗ್ ಹುಡುಗರಿಗೆ ಮಗ್ಗಿಯ ಹಾಗೆ ಬಾಯಿಪಾಠ ಇತ್ತು. ಆ ಪೈಕಿ ಯಾರಿಗೂ ಅದು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ಮೇಲಿನ ಗುಪ್ತ ಸರ್ವರಿನಿಂದ ಯಾರೋ ಕೆಳಗೆ ಬಿಡುತ್ತಿದ್ದರು, ಅದನ್ನು ಯಾರೋ ಸಿಡಿಗೆ ಸುಡುತ್ತಿದ್ದರು, ಗಲ್ಫಿನಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲೋ ಬೆಂಗಳೂರಿನ ಬಸ್ಸಿನಲ್ಲೋ ಇಲ್ಲಿಗೆ ತಲುಪುತ್ತಿತ್ತು. ಗುಂಪಿನವರಿಗೆ ಸಿಡಿ ಮಾರುವವರನ್ನು ಕಂಡರೆ ಆಗುತ್ತಿರಲಿಲ್ಲ. ಮಾರಾಟಕ್ಕಲ್ಲ, ಇಷ್ಟವಾದರೆ ಕೊಂಡುಕೊಳ್ಳಿ ಎಂದು ಎನ್‌ಎಫ್‌ಒದಲ್ಲಿ ಬರೆಯುತ್ತಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳುವ ಟೊರೆಂಟಿಗೆ ಹಾಕುವವರನ್ನಂತೂ ದ್ರೋಹಿಗಳೆಂದೇ ಕರೆದರು.

ಬಡವರಿಗೆ ಹಂಚುವ ಧರ್ಮಾತ್ಮರು ಎಂದು ಇವರನ್ನು ಹೊಗಳುವವರ ಜೊತೆ ನನಗೆ ಜಗಳವಿರುವುದು ಇಲ್ಲೇ. ನಮ್ಮೂರಿನ ಡಿಟಿಪಿಯವರಿಗೆ ನೆನಪಿರಬಹುದು, ಕನ್ನಡ ಅಕ್ಷರದ ಸಾಫ್ಟ್‌ವೇರಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಇರುತ್ತಿತ್ತು. ಲಾಕ್ ಕಳೆದರೆ ಮದುವೆ ಕಾಗದದ ಕೆಲಸವೇ ನಿಲ್ಲುತ್ತಿತ್ತು. ಅದನ್ನು ಒಡೆಯಲು ಯಾವ ರೇಜರ್, ಯಾವ ಫೇರ್‌ಲೈಟ್ ಓಡಿ ಬಂತು? ಅದರಲ್ಲಿ ಹೆಸರು ಬರುವುದಿಲ್ಲವಲ್ಲ. ನಮಗೆ ನಿಜಕ್ಕೂ ಫ್ರೀ ಕೊಟ್ಟವರು ಬೇರೆ. ಕಿನ್ನಿಕಂಬಳದ ಕೆ.ಪಿ. ರಾಯರು ಸೇಡಿಯಾಪು ಎಂಬ ಕನ್ನಡ ತಂತ್ರಾಂಶ ಮಾಡಿ ಸುಮ್ನೆ ಕೊಟ್ಟರು. ಇವತ್ತು ನೀವು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಕೀಲಿಮಣೆಯ ಬೇರು ಅವರ ವಿನ್ಯಾಸದಲ್ಲಿದೆ.

ಪೊಲೀಸರು ಬಂದದ್ದು 2001ರ ಡಿಸೆಂಬರ್ 11ರಂದು. ಆಪರೇಷನ್ ಬುಕನೀರ್ ಎಂದು ಹೆಸರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ಉತ್ತರ ಯುರೋಪಿನ ದೇಶಗಳಲ್ಲಿ ಒಟ್ಟಿಗೆ ದಾಳಿ. ಮುಖ್ಯ ಗುರಿ ಡ್ರಿಂಕ್ ಆರ್ ಡೈ. ಆಸ್ಟ್ರೇಲಿಯಾದಲ್ಲಿ ಕೂತು ಬ್ಯಾಂಡಿಡೊ ಎಂಬ ಹೆಸರಲ್ಲಿ ಗುಂಪು ನಡೆಸುತ್ತಿದ್ದ ಹ್ಯೂ ಗ್ರಿಫಿತ್ಸ್ ಅಮೆರಿಕದ ನೆಲವನ್ನೇ ಮೆಟ್ಟಿದವರಲ್ಲ. ಅವರನ್ನು 2007ರಲ್ಲಿ ಅಲ್ಲಿಗೆ ಒಯ್ದು 51 ತಿಂಗಳ ಶಿಕ್ಷೆ ಕೊಟ್ಟರು. ಅವರು ಇದರಿಂದ ಕಾಸು ಮಾಡಿದವರಲ್ಲ. ತಪ್ಪು ತಪ್ಪೇ, ಆದರೂ ನನಗೆ ಇದು ಅತಿಯಾಯಿತು ಅನ್ನಿಸುತ್ತದೆ. 2004 ಮತ್ತು 2005ರಲ್ಲಿ ಇನ್ನೆರಡು ದೊಡ್ಡ ದಾಳಿಗಳಾದವು, ಫೇರ್‌ಲೈಟಿಗೂ ಪೆಟ್ಟು ಬಿತ್ತು. ಒಂದು ಗುಂಪು ಒಡೆದರೆ ಅದೇ ಜನ ಇನ್ನೊಂದು ಹೆಸರಲ್ಲಿ ಸೇರುತ್ತಿದ್ದರು. ಡೀವಿಯನ್ಸ್ ಗುಂಪಿನ ಹಳಬರು 2004ರಲ್ಲಿ ಕಟ್ಟಿದ್ದೇ ರಿಲೋಡೆಡ್.

ತಮಾಷೆ ಏನೆಂದರೆ ಕಂಪನಿಗಳೂ ಇವರ ಕೆಲಸ ಬಳಸಿ ಸಿಕ್ಕಿಬಿದ್ದವು. 2008ರಲ್ಲಿ ಯೂಬಿಸಾಫ್ಟ್ ರೈನ್‌ಬೋ ಸಿಕ್ಸ್ ವೇಗಸ್ 2 ಆಟಕ್ಕೆ ಕೊಟ್ಟ ಪ್ಯಾಚ್, ಅಂದರೆ ತಿದ್ದುಪಡಿ ಫೈಲ್, ರಿಲೋಡೆಡ್ ಗುಂಪಿನ ಕ್ರ್ಯಾಕೇ ಆಗಿತ್ತು. ಮ್ಯಾಕ್ಸ್ ಪೇನ್ 2 ಆಟವನ್ನು ರಾಕ್‌ಸ್ಟಾರ್ ಕಂಪನಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾರಿದಾಗ ಫೈಲಿನ ಒಳಗೆ ರೇಜರ್ 1911ರ ಗುರುತು ಹಾಗೇ ಕೂತಿತ್ತು. ಸ್ವಂತ ಬೀಗ ಬಿಚ್ಚಲು ಕಳ್ಳನನ್ನೇ ಕರೆದ ಹಾಗೆ.

ಈಚಿನ ದೊಡ್ಡ ಬೀಗ ಡೆನುವೊ. 2014ರಲ್ಲಿ ಫಿಫಾ 15ರ ಜೊತೆ ಬಂತು. 2016ರ ಆರಂಭದಲ್ಲಿ ಚೀನಾದ 3ಡಿಎಂ ಗುಂಪಿನ ಮುಖ್ಯಸ್ಥೆಯೇ ಹೀಗೇ ಆದರೆ ಎರಡು ವರ್ಷದಲ್ಲಿ ಫ್ರೀ ಆಟ ಸಿಗಲಿಕ್ಕಿಲ್ಲ ಎಂದು ಕೈಚೆಲ್ಲಿದರು. ಅದೇ ವರ್ಷ ಇಟಲಿಯ ಸಿಪಿವೈ ಗುಂಪು ರೈಸ್ ಆಫ್ ದ ಟೂಂಬ್ ರೈಡರ್ ಒಡೆದು ತೋರಿಸಿತು.

"ಹಾಗಾದ್ರೆ ನನಗೂ ಒಂದು ಹಾಕಿ ಕೊಡಿ" ಎಂದು ಇಷ್ಟು ಕೇಳಿದ ಮೇಲೂ ಹೇಳುವವರಿದ್ದಾರೆ. ಹಾಕುವುದಿಲ್ಲ. ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ ನಮ್ಮ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದ ತನಕ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಉಂಟು. ಅದಕ್ಕಿಂತ ಹತ್ತಿರದ ಕಾರಣ ಇನ್ನೊಂದು. ಈಗ ಗೂಗಲಿನಲ್ಲಿ ಹುಡುಕಿದರೆ ಸಿಗುವ ಕ್ರ್ಯಾಕಿಗೂ ಆ ಗುಂಪುಗಳಿಗೂ ಸಂಬಂಧವೇ ಇಲ್ಲದಿರುವುದು ಜಾಸ್ತಿ. ಹೆಸರು ಸ್ಕಿಡ್‌ರೋ, ರಿಲೋಡೆಡ್ ಎಂದೇ ಇರುತ್ತದೆ. ಒಳಗಿರುವುದು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಎತ್ತುವ ಪ್ರೋಗ್ರಾಂ. ಜೊತೆಗೆ ಒಂದು ಸಾಲು ಬರೆದಿರುತ್ತಾರೆ: ಮೊದಲು ಆಂಟಿವೈರಸ್ ಆಫ್ ಮಾಡಿ. ಅದನ್ನೂ ಚಾಚೂ ತಪ್ಪದೆ ಮಾಡಿ, ಆಮೇಲೆ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬರುತ್ತಾರೆ.