ವೈಮಾರ್: ಎರಡು ಮನೆ, ಒಂದು ಖಾಲಿ ಶವಪೆಟ್ಟಿಗೆ

ಜರ್ಮನಿಯ ಎರ್ಫರ್ಟ್‌ನಲ್ಲಿ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ವೈಮಾರ್. ಸಣ್ಣ ಊರು, ನಡೆದೇ ಸುತ್ತಬಹುದು. ನಾಟಕಶಾಲೆಯ ಮುಂದೆ ಜರ್ಮನ್ ಕವಿ, ನಾಟಕಕಾರರಾದ ಗಯಟೆ, ಷಿಲ್ಲರ್ ಇಬ್ಬರೂ ಕಂಚಿನಲ್ಲಿ ನಿಂತಿದ್ದಾರೆ. 1857ರ ಪ್ರತಿಮೆ. ಇಬ್ಬರೂ ಒಂದೇ ಎತ್ತರ. ನಿಜದಲ್ಲಿ ಷಿಲ್ಲರ್ ಗಯಟೆಗಿಂತ ಒಂದು ಗೇಣಷ್ಟು ಹೆಚ್ಚು ಎತ್ತರದವನು. ಶಿಲ್ಪಿ ಸಮ ಮಾಡಿದ್ದು ನನಗೆ ಇಷ್ಟವಾಯಿತು.

ಮೊದಲು ಷಿಲ್ಲರ್ ಮನೆಗೆ ಹೋದೆ. 1802ರಲ್ಲಿ ಸಾಲ ಮಾಡಿ ಕೊಂಡ ಮನೆ. ಮೆಟ್ಟಿಲು ಹತ್ತಿ ಹತ್ತಿ ಕೊನೆಗೆ ಮಾಡಿನ ಕೆಳಗಿನ ಕೋಣೆ. ಒಂದು ಮೇಜು, ಪಕ್ಕದಲ್ಲೇ ಕಿರಿದಾದ ಮಂಚ. ರಾತ್ರಿಯೆಲ್ಲಾ ಇಲ್ಲಿ ಕೂತು ಬರೆಯುತ್ತಿದ್ದ. 'ವಿಲ್ಹೆಲ್ಮ್ ಟೆಲ್' ನಾಟಕ ಮುಗಿದದ್ದು ಇಲ್ಲೇ. 1805ರ ಮೇ 9ರಂದು ಪ್ರಾಣ ಹೋದದ್ದೂ ಇಲ್ಲೇ. ಆಗ ಅವನಿಗೆ 45 ವರ್ಷ. ಒಳಗೆ ಶ್ವಾಸಕೋಶ ಎಷ್ಟು ಕೆಟ್ಟಿತ್ತೆಂದರೆ, ಇಷ್ಟು ದಿನ ಬದುಕಿದ್ದಾದರೂ ಹೇಗೆ ಎಂದು ದೇಹ ಪರೀಕ್ಷಿಸಿದ ವೈದ್ಯನೇ ಬೆರಗಾದ.

ಷಿಲ್ಲರ್ ಸ್ವತಃ ಓದಿದ್ದೂ ವೈದ್ಯಕೀಯವನ್ನೇ. ಅದೂ ತನ್ನ ಹುಟ್ಟುನಾಡಿನ ಅರಸ ಡ್ಯೂಕ್‌ನ ಸೈನಿಕ ಶಾಲೆಯಲ್ಲಿ, ಒತ್ತಾಯಕ್ಕೆ. 1782ರಲ್ಲಿ ಮಾನ್‌ಹೈಮ್‌ನಲ್ಲಿ ತನ್ನ ಮೊದಲ ನಾಟಕದ ಪ್ರದರ್ಶನ ನೋಡಲು ಅವನು ಅನುಮತಿಯಿಲ್ಲದೆ ಹೋದ. ಆಮೇಲೆ ಡ್ಯೂಕ್ ಅವನನ್ನು 14 ದಿನ ಬಂಧನದಲ್ಲಿಟ್ಟ. ಇನ್ನು ನಾಟಕ ಬರೆಯಕೂಡದು ಎಂದ. ಅದೇ ಸೆಪ್ಟೆಂಬರ್‌ನ ಒಂದು ರಾತ್ರಿ ಹುಡುಗ ಊರನ್ನೇ ಬಿಟ್ಟು ಓಡಿದ. ಆ ಮಂಚದ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಓಟವೇ.

ಅಲ್ಲಿಂದ ಗಯಟೆ ಮನೆಗೆ ಐದೇ ನಿಮಿಷದ ದಾರಿ. ದೊಡ್ಡ ಮನೆ. ಮುಂದಿನ ಕೋಣೆಗಳ ತುಂಬ ಪ್ರತಿಮೆ, ಚಿತ್ರ. ಆದರೆ ಬರೆಯುತ್ತಿದ್ದ ಕೋಣೆ ಹಿಂದೆ ಇದೆ, ಬಹಳ ಸರಳ. ಮೆತ್ತನೆಯ ಆಸನವಿಲ್ಲ, ಬರೀ ಮರದ ಸಾಮಾನು. ಕಾಳಿದಾಸನ ಶಾಕುಂತಲವನ್ನು 1791ರಲ್ಲಿ ಜರ್ಮನ್ ಅನುವಾದದಲ್ಲಿ ಓದಿ ಮರುಳಾಗಿ ಪದ್ಯ ಕಟ್ಟಿದವನು ಇವನೇ ಅಲ್ವಾ! ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ಓದಿ ಬೆಳೆದ ನನಗೆ ಆ ಕೋಣೆ ಅಪರಿಚಿತ ಅನ್ನಿಸಲಿಲ್ಲ.

ಇಬ್ಬರ ಸ್ನೇಹ ಕುದುರಿದ್ದು 1794ರಲ್ಲಿ, ಪಕ್ಕದ ಯೇನಾದಲ್ಲಿ. ಅದೂ ಒಂದು ವಾದದಿಂದ. ಗಯಟೆ ಎಲ್ಲ ಗಿಡಗಳ ಮೂಲಗಿಡ ಎಂದು ಒಂದು ಗಿಡ ಬರೆದು ತೋರಿಸಿದ. ಇದು ಕಂಡದ್ದಲ್ಲ, ಬರೀ ಕಲ್ಪನೆ ಎಂದ ಷಿಲ್ಲರ್. ಗಯಟೆಗೆ ಸಿಟ್ಟು ಬಂತು. ಆದರೂ ಮಾತು ನಿಲ್ಲಲಿಲ್ಲ. ಹನ್ನೊಂದು ವರ್ಷದಲ್ಲಿ ಇಬ್ಬರ ನಡುವೆ ಸಾವಿರ ಕಾಗದ ಓಡಾಡಿತು. ಷಿಲ್ಲರ್ ಹೋದಾಗ ಗಯಟೆಯೂ ಕಾಯಿಲೆಯಲ್ಲಿದ್ದ, ಮನೆಯವರಿಗೆ ಸುದ್ದಿ ಹೇಳಲು ಧೈರ್ಯವಾಗಲಿಲ್ಲ. ನನ್ನ ಇರವಿನ ಅರ್ಧವೇ ಹೋಯಿತು ಎಂದು ಆಮೇಲೆ ಒಬ್ಬ ಗೆಳೆಯನಿಗೆ ಬರೆದ.

ಸಂಜೆ ರಾಜಮನೆತನದ ಸಮಾಧಿಗೆ ಇಳಿದೆ. ಎರಡು ಮರದ ಪೆಟ್ಟಿಗೆ, ಅಕ್ಕಪಕ್ಕ. ಷಿಲ್ಲರ್‌ನನ್ನು ಮೊದಲು ಇಟ್ಟದ್ದು ಹಲವರಿಗೆ ಸೇರಿದ ಒಂದು ನೆಲಮಾಳಿಗೆಯಲ್ಲಿ. 1826ರಲ್ಲಿ ಅಲ್ಲಿಂದ ಒಂದು ತಲೆಬುರುಡೆ ಆರಿಸಿ ಇದೇ ಅವನದು ಎಂದರು. ಗಯಟೆ ಅದನ್ನು ಕೆಲವು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. 2008ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದರೆ, ಅದು ಷಿಲ್ಲರ್‌ನದಲ್ಲ! ಈಗ ಗಯಟೆಯ ಪಕ್ಕದ ಪೆಟ್ಟಿಗೆ ಖಾಲಿ.

ಮೇಲೆ ಬಂದವಳು ರೈಲಿನ ಹೊತ್ತು ನೋಡಿದೆ. ಇನ್ನೂ ಸಮಯವಿತ್ತು. ಆ ಹಳೆಯ ನೆಲಮಾಳಿಗೆ ಇರುವ ಯಾಕೋಬ್ ಚರ್ಚಿನ ಅಂಗಳಕ್ಕೆ ಹೋಗಿ, ಕತ್ತಲಾಗುವವರೆಗೆ ಸುಮ್ನೆ ಕೂತಿದ್ದೆ.